ಕೈತಪ್ಪಿದ ಷೇರು, ಮೂರು ರೂಪಾಯಿ ಬಡ್ಡಿಯ ಸಾಲ

ಪ್ರಶ್ನೆ (ದಾವಣಗೆರೆಯಿಂದ):

1993ರಲ್ಲಿ ಇನ್ಫೋಸಿಸ್ ಷೇರು ತಲಾ 95 ರೂಪಾಯಿಯಂತೆ ಮೊದಲ ಬಾರಿಗೆ ಸಾರ್ವಜನಿಕರಿಗೆ ಬಂದಾಗ, ಬೆಂಗಳೂರಿನಲ್ಲಿದ್ದ ಸೋದರಮಾವ ಅರ್ಜಿ ನಮೂನೆ ತಂದು ಅಪ್ಪನ ಕೈಗೆ ಕೊಟ್ಟಿದ್ದರು. ನೂರು ಷೇರಿಗೆ 9,500 ರೂಪಾಯಿ ಬೇಕಿತ್ತು. ಹಣವೇನೋ ಮನೆಯಲ್ಲಿತ್ತು, ಆದರೆ ಅದು ಅಕ್ಕನ ಮದುವೆಗೆಂದು ಕೂಡಿಟ್ಟದ್ದು. ಆ ನಮೂನೆ ಇಂದಿಗೂ ಅಪ್ಪನ ಟ್ರಂಕಿನಲ್ಲಿ, ಪಹಣಿ ಪತ್ರಗಳ ಅಡಿಯಲ್ಲಿ, ಮಡಚಿಟ್ಟಂತೆಯೇ ಇದೆ. ಕಂಪನಿ ಆಗಾಗ ಉಚಿತವಾಗಿ ಕೊಟ್ಟ ಬೋನಸ್ ಷೇರುಗಳಿಂದ ಮತ್ತು ಒಂದು ಷೇರನ್ನು ಎರಡಾಗಿಸುವ ಮುಖಬೆಲೆಯ ವಿಭಜನೆಯಿಂದ ಆ ನೂರು ಷೇರು ಇಂದು 1,02,400 ಆಗಿರುತ್ತಿದ್ದವು ಎಂಬ ಲೆಕ್ಕ ಸಿಕ್ಕಂದಿನಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ.

ಅಮ್ಮನ ಶಸ್ತ್ರಚಿಕಿತ್ಸೆಗಾಗಿ ಮೂರು ವರ್ಷದ ಹಿಂದೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಂತೆ ಒಂದೂವರೆ ಲಕ್ಷ ಕೈಸಾಲ ಮಾಡಿದೆ. ತಿಂಗಳಿಗೆ 4,500 ಕಟ್ಟುತ್ತಲೇ ಇದ್ದೇನೆ, ಅಸಲು ಒಂದು ರೂಪಾಯಿಯೂ ಇಳಿದಿಲ್ಲ. ಅಪ್ಪನಂತೆ ನಾನೂ ಅವಕಾಶ ಕಳೆದುಕೊಳ್ಳಬಾರದೆಂದು ಎರಡು ವರ್ಷದಿಂದ ತಿಂಗಳಿಗೆ 2,000 ರೂಪಾಯಿ ಎಸ್‌ಐಪಿ (ಮ್ಯೂಚುವಲ್ ಫಂಡಿಗೆ ತಿಂಗಳ ಕಂತು) ಕಟ್ಟುತ್ತಿದ್ದು, ಅದರಲ್ಲಿ ಸುಮಾರು 50 ಸಾವಿರ ಕೂಡಿದೆ. ಇದನ್ನು ಮುಂದುವರಿಸುವುದು ಸರಿಯೇ?

ಉತ್ತರ (ನಿವೃತ್ತ ಬ್ಯಾಂಕ್ ನೌಕರ):

ದಯವಿಟ್ಟು ನಿಲ್ಲಿಸಿ. ಮೂರು ರೂಪಾಯಿ ಬಡ್ಡಿಯೆಂದರೆ ವರ್ಷಕ್ಕೆ ಶೇ. 36. ಅಷ್ಟು ಲಾಭವನ್ನು ವರ್ಷವರ್ಷವೂ ಕೊಡುವ ಫಂಡನ್ನು ನನ್ನ ಇಡೀ ಸೇವೆಯಲ್ಲಿ ಕಂಡಿಲ್ಲ. ನೀವು ಬಡ್ಡಿಯೆಂದೇ ಕಟ್ಟಿರುವುದು 1,62,000, ಅಂದರೆ ಅಸಲಿಗಿಂತ ಹೆಚ್ಚು. ಕೂಡಿರುವ 50 ಸಾವಿರವನ್ನು ತೆಗೆದು ಅಸಲಿಗೆ ಕೊಡಿ. ಉಳಿದ ಒಂದು ಲಕ್ಷಕ್ಕೆ ಮನೆಯ ಚಿನ್ನವನ್ನು ಬ್ಯಾಂಕಿನಲ್ಲಿ ಅಡವಿಟ್ಟು ಕೈಸಾಲವನ್ನು ಪೂರ್ತಿ ತೀರಿಸಿ. ಬಡ್ಡಿ ಶೇ. 10 ಎಂದಿಟ್ಟುಕೊಂಡರೆ, ಈಗ ಎರಡಕ್ಕೂ ಸೇರಿ ಹೋಗುತ್ತಿರುವ 6,500 ರೂಪಾಯಿಯನ್ನೇ ಪ್ರತಿ ತಿಂಗಳು ಕಟ್ಟಿದರೂ ಹದಿನೇಳು ತಿಂಗಳಲ್ಲಿ ಸಾಲ ಮುಗಿಯುತ್ತದೆ. ವರ್ಷ ತುಂಬಿದಾಗ ಉಳಿಕೆಗೆ ನವೀಕರಣ ಮಾಡಿಸಲು ಮರೆಯಬೇಡಿ, ಇಲ್ಲವಾದರೆ ಒಡವೆ ಹರಾಜಿಗೆ ಬರುತ್ತದೆ.

ಉತ್ತರ (ಶಿವಮೊಗ್ಗದಿಂದ):

ನಿಮ್ಮ ತಂದೆಯವರ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಷೇರು ದಲ್ಲಾಳಿ ಹರ್ಷದ್ ಮೆಹ್ತಾನ ಹಗರಣ ಬಯಲಾಗಿ ವರ್ಷವೂ ತುಂಬಿರದ ಆ ದಿನಗಳಲ್ಲಿ ಇನ್ಫೋಸಿಸ್ ಷೇರಿಗೆ ಪೂರ್ತಿ ಅರ್ಜಿಗಳೇ ಬರಲಿಲ್ಲ, ಹಣವಿದ್ದವರೇ ಹಿಂಜರಿದಿದ್ದರು. ಕೊಂಡಿದ್ದರೂ, ಅದೇ ವರ್ಷದ ಜೂನ್‌ನಲ್ಲಿ ಷೇರು 145 ರೂಪಾಯಿಗೆ ಷೇರುಪೇಟೆಗೆ ಬಂದಾಗ ಮದುವೆಯ ಖರ್ಚು ಎದುರಿಗಿದ್ದ ಮನೆಯವರು ಮಾರದೆ ಇರುತ್ತಿದ್ದರೇ? ಮೂವತ್ತು ವರ್ಷ ಷೇರನ್ನು ಮುಟ್ಟದೆ ಇಡಬೇಕಾದರೆ ಆ ಮೂವತ್ತು ವರ್ಷದ ಕಾಯಿಲೆ, ಮದುವೆ, ಮಳೆ ಕೈಕೊಟ್ಟ ಬೆಳೆ ಎಲ್ಲಕ್ಕೂ ಬೇರೆ ಹಣ ಬೇಕು. ಬಡವರ ಕೈತಪ್ಪುವುದು ಬಹಳಮಟ್ಟಿಗೆ ಹೀಗೆಯೇ. ಅಪ್ಪ ಅಕ್ಕನ ಮದುವೆಯನ್ನು ಸಾಲವಿಲ್ಲದೆ ಮಾಡಿದರಲ್ಲ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಪ್ರಶ್ನಿಸಿದವರು:

ಆ ಮದುವೆಗೆ ನಿಜಕ್ಕೂ ಸಾಲ ಮಾಡಿರಲಿಲ್ಲ. ಅದನ್ನು ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಹೆಂಡತಿ ತನ್ನ ಸರ ಕೊಡಲು ಒಪ್ಪಿದ್ದಾಳೆ. ಸೋಮವಾರ ಬ್ಯಾಂಕಿಗೆ ಹೋಗುತ್ತೇವೆ.

ಉತ್ತರ (ನಿವೃತ್ತ ಬ್ಯಾಂಕ್ ನೌಕರ):

ಕೈಸಾಲ ತೀರಿಸುವ ದಿನ ಜೊತೆಗೊಬ್ಬರನ್ನು ಕರೆದುಕೊಂಡು ಹೋಗಿ. ನೀವು ಸಹಿ ಹಾಕಿಕೊಟ್ಟ ಪ್ರಾಮಿಸರಿ ನೋಟು (ಸಾಲ ತೀರಿಸುತ್ತೇನೆಂಬ ಪತ್ರ), ಖಾಲಿ ಚೆಕ್ಕು ಏನಿದ್ದರೂ ವಾಪಸು ಪಡೆದು, ಪೂರ್ತಿ ಸಂದಾಯವಾಯಿತೆಂದು ಬರೆಸಿಕೊಂಡ ಮೇಲೆಯೇ ಅಲ್ಲಿಂದ ಏಳಿ.