ಎಕ್ಸ್‌ರೇ ಸರಿ ಇದೆ, ಆದರೂ ಮಂಡಿ ಜಾರುತ್ತಿದೆ: ಕಬಡ್ಡಿ ಆಡುವ ತಮ್ಮನಿಗೆ ನನ್ನ ಅನುಭವ

ಕೇಳಿದ್ದು: "ವಯಸ್ಸು 23, ರೇಡರ್. ಗಣೇಶ ಹಬ್ಬದ ಹೊನಲು ಬೆಳಕಿನ ಕಬಡ್ಡಿಯಲ್ಲಿ ಪಾದ ಹಿಡಿದರು. ನಾನು ಗೆರೆ ಕಡೆ ತಿರುಗಿದೆ, ಮಂಡಿಯೊಳಗೆ ಪಟ್ ಅಂತು. ಒಂದೆರಡು ಗಂಟೆಯಲ್ಲಿ ಊದಿಕೊಂಡಿತು. ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರು. ಮೂರು ವಾರ ಆಯ್ತು, ನೋವು ಕಡಿಮೆ. ಆದರೆ ಮೆಟ್ಟಿಲು ಇಳಿಯುವಾಗ ಮಂಡಿ ಜಾರಿದ ಹಾಗಾಗುತ್ತದೆ. ದೀಪಾವಳಿಗೆ ಇನ್ನೊಂದು ಟೂರ್ನಿ ಇದೆ. ಆಡಬಹುದಾ? ಗೊತ್ತಿರುವ ಅಣ್ಣಂದಿರು ಹೇಳಿ."

ತಮ್ಮಾ, ದೀಪಾವಳಿ ಟೂರ್ನಿ ಬಿಡು. ಮೊದಲೇ ಇದನ್ನು ಹೇಳಿಬಿಡುತ್ತೇನೆ, ಯಾಕಂದ್ರೆ ಅವತ್ತು ನಾನು ಬಿಡಲಿಲ್ಲ.

ನನ್ನದೂ ಹೆಚ್ಚುಕಡಿಮೆ ಇದೇ ಕಥೆ. ಪಾದ ಮಣ್ಣಲ್ಲಿ ಊರಿತ್ತು, ಮೈ ತಿರುಗಿತು, ಪಟ್ ಅಂತು. ಎಕ್ಸ್‌ರೇ ನೋಡಿ ಮೂಳೆ ಮುರಿದಿಲ್ಲ ಅಂದರು, ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಎಕ್ಸ್‌ರೇಯಲ್ಲಿ ಕಾಣುವುದು ಮೂಳೆ ಮಾತ್ರ, ಮೂಳೆಗೆ ಮೂಳೆ ಕಟ್ಟಿ ಹಿಡಿಯುವ ಪಟ್ಟಿ, ಅಂದರೆ ಲಿಗಮೆಂಟ್, ಅದರಲ್ಲಿ ಕಾಣುವುದೇ ಇಲ್ಲ ಅಂತ ನಮಗೆ ಯಾರೂ ಹೇಳಲಿಲ್ಲ. ಊರ ಹತ್ತಿರ ಒಬ್ಬರ ಬಳಿ ಒಂದು ತಿಂಗಳು ಎಣ್ಣೆ ಹಾಕಿ ನೀವಿಸಿಕೊಂಡೆ. ಊತ ಇಳಿಯಿತು, ವಾಸಿ ಆಯ್ತು ಅಂದುಕೊಂಡೆ. ನಾಲ್ಕನೇ ತಿಂಗಳು ಆಡೋಕೆ ಇಳಿದೆ. ಎರಡನೇ ರೇಡಲ್ಲೇ, ಯಾರೂ ಮುಟ್ಟದೆ, ಮಂಡಿ ಮಡಚಿ ಬಿದ್ದೆ. ಈ ಸಲ ಕಾಲು ಸಿಕ್ಕಿಕೊಂಡಿತ್ತು, ನೆಟ್ಟಗೆ ಮಾಡೋಕೇ ಆಗಲಿಲ್ಲ. ಮೊದಲು ಹರಿದಿದ್ದು ಎಸಿಎಲ್ ಒಂದೇ ಇರಬೇಕು. ಕೆಳಗಿನ ಕಾಲು ಮುಂದಕ್ಕೆ ಜಾರದ ಹಾಗೆ ಹಿಡಿಯುವ, ಮಂಡಿಯೊಳಗಿನ ಲಿಗಮೆಂಟ್ ಅದು. ನನ್ನ ಅವಸರಕ್ಕೆ ಮೆನಿಸ್ಕಸ್ ಕೂಡ ಹರಿಯಿತು. ಅದು ಮಂಡಿಯ ಒಳಗಿನ ಮೆತ್ತೆ. ಅದರಲ್ಲಿ ಸ್ವಲ್ಪ ಭಾಗ ಕತ್ತರಿಸಿ ತೆಗೆದರು, ಅದು ಮತ್ತೆ ಬೆಳೆಯುವುದಿಲ್ಲ. ನನಗೆ ಇವತ್ತಿಗೂ ಬೇಜಾರಿರುವುದು ಅದಕ್ಕೇ.

ಪಟ್ ಅನ್ನುವ ಶಬ್ದ, ಗಂಟೆಗಳಲ್ಲೇ ಬರುವ ಊತ, ಆಮೇಲೆ ಮಂಡಿ ಜಾರುವುದು. ಈ ಮೂರೂ ಸೇರಿದರೆ ಮೊದಲ ಅನುಮಾನ ಎಸಿಎಲ್ ಮೇಲೇ. ಬೇಗ ಊದಿತು ಅಂದರೆ ಸಾಮಾನ್ಯವಾಗಿ ಒಳಗೆ ರಕ್ತ ತುಂಬಿದೆ ಅಂತ. ಮೆನಿಸ್ಕಸ್ ಮಾತ್ರ ಹರಿದರೆ ಊತ ಹೆಚ್ಚಾಗಿ ನಿಧಾನಕ್ಕೆ, ಮಾರನೇ ದಿನ ಬರುತ್ತದೆ.

ಸಾಮಾನ್ಯ ಕ್ಲಿನಿಕ್ ಬೇಡ, ಮಂಡಿ ಲಿಗಮೆಂಟ್ ನೋಡುವ ಮೂಳೆ ಡಾಕ್ಟರ್ ಹತ್ತಿರವೇ ಹೋಗು. ಖರ್ಚಿನ ಚಿಂತೆ ಇದ್ದರೆ ಬೆಂಗಳೂರಿನ ಜಯನಗರದಲ್ಲಿ ಸಂಜಯ್ ಗಾಂಧಿ ಆಸ್ಪತ್ರೆ ಇದೆ. ಸರ್ಕಾರದ್ದು, ಅಪಘಾತ ಮತ್ತು ಮೂಳೆಗೇ ಮೀಸಲು. ನನ್ನನ್ನು ನೋಡಿದ ಡಾಕ್ಟರ್ ಮೊದಲು ಚೆನ್ನಾಗಿರುವ ಕಾಲನ್ನೇ ಪರೀಕ್ಷೆ ಮಾಡಿದರು. ಮಂಡಿ ಸ್ವಲ್ಪ ಬಗ್ಗಿಸಿ, ಒಂದು ಕೈಲಿ ತೊಡೆ ಹಿಡಿದು, ಇನ್ನೊಂದು ಕೈಲಿ ಕೆಳಗಿನ ಕಾಲನ್ನು ಮುಂದಕ್ಕೆ ಎಳೆದರು. ಟಕ್ ಅಂತ ನಿಂತಿತು. ಪೆಟ್ಟಾದ ಕಾಲು ಎಳೆದಾಗ ನಿಲ್ಲಲೇ ಇಲ್ಲ, ಮೇಜಿನ ಡ್ರಾಯರ್ ಥರ ಮುಂದೆ ಬಂತು. ಲಾಚ್‌ಮನ್ ಪರೀಕ್ಷೆ ಅಂದರೆ ಅದೇ. ಎಂಆರ್‌ಐ ಬಂದಿದ್ದು ಆಮೇಲೆ, ಮೆನಿಸ್ಕಸ್ ಎಷ್ಟು ಹೋಗಿದೆ ನೋಡೋಕೆ. ಪೆಟ್ಟಾದ ಮೊದಲ ದಿನಗಳಲ್ಲಿ ನೋವಿಗೆ ಕಾಲು ಬಿಗಿ ಹಿಡಿಯುತ್ತೇವಲ್ವಾ, ಆಗ ಈ ಪರೀಕ್ಷೆ ಸರಿಯಾಗಿ ಆಗುವುದಿಲ್ಲ. ನಿನಗೆ ಮೂರು ವಾರ ಆಗಿದೆ, ಈಗ ಚೆನ್ನಾಗಿ ಗೊತ್ತಾಗುತ್ತದೆ.

ಎಲ್ಲರಿಗೂ ಆಪರೇಷನ್ ಬೇಕು ಅಂತಲ್ಲ. ನಮ್ಮ ತಂಡದ ಕಾರ್ನರ್ ಹುಡುಗನಿಗೆ ಮಂಡಿಯ ಒಳಬದಿಯ ಲಿಗಮೆಂಟ್ ಎಂಸಿಎಲ್ ಅರ್ಧ ಹರಿದಿತ್ತು. ಬ್ರೇಸ್ ಹಾಕಿ, ವ್ಯಾಯಾಮ ಮಾಡಿಯೇ ವಾಸಿಯಾದ. ನನ್ನ ಚಿಕ್ಕಪ್ಪನ ಮಗಳು ಥ್ರೋಬಾಲ್ ಆಡುತ್ತಿದ್ದಳು, ಅವಳಿಗೆ ಎಸಿಎಲ್ ಪೂರ್ತಿ ಹೋಗಿತ್ತು. ಆರು ತಿಂಗಳು ಬಿಡದೆ ಫಿಸಿಯೋ ಮಾಡಿದಳು. ಈಗ ಸ್ಕೂಟರ್, ಗದ್ದೆ ಕೆಲಸ, ಮೆಟ್ಟಿಲು ಎಲ್ಲ ಸಲೀಸು, ಆದರೆ ಆಟ ಬಿಟ್ಟಳು. ಸ್ವೀಡನ್‌ನಲ್ಲಿ ಎಸಿಎಲ್ ಹರಿದ 121 ಜನರ ಮೇಲೆ ನಡೆದ ಅಧ್ಯಯನ 2010ರಲ್ಲಿ ಬಂತು. ಮೊದಲು ಫಿಸಿಯೋ, ಬೇಕಾದರೆ ಆಮೇಲೆ ಆಪರೇಷನ್ ಅಂತ ಇಟ್ಟ 59 ಜನರಲ್ಲಿ ಎರಡು ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡವರು 23 ಮಂದಿ ಮಾತ್ರ. ಆದರೆ ರೇಡರ್‌ಗೆ ಓಡುತ್ತಾ ಗಕ್ಕನೆ ತಿರುಗುವುದೇ ಕೆಲಸ. ನೀನು ಮತ್ತೆ ಕಬಡ್ಡಿ ಆಡಲೇಬೇಕು ಅಂತಿದ್ದರೆ ಡಾಕ್ಟರಿಗೆ ಅದನ್ನು ಬಿಡಿಸಿ ಹೇಳು. ಸುಮ್ನೆ "ನೋವು ಹೋದರೆ ಸಾಕು" ಅಂದರೆ ಅವರು ಕೊಡುವ ಸಲಹೆಯೇ ಬೇರೆ.

ಆಪರೇಷನ್ ಆಗಲಿ ಬಿಡಲಿ, ಇವತ್ತಿಂದಲೇ ಮಾಡಬೇಕಾದ್ದು ಕಾಲನ್ನು ಪೂರ್ತಿ ನೆಟ್ಟಗೆ ತರುವುದು. ಹಿಮ್ಮಡಿ ಕೆಳಗೆ ಟವೆಲ್ ಸುತ್ತಿ ಇಟ್ಟು ಮಂಡಿಯನ್ನು ತಾನಾಗಿ ಕೆಳಗಿಳಿಯಲು ಬಿಡು. ಆಮೇಲೆ ಟವೆಲನ್ನು ಮಂಡಿ ಕೆಳಗಿಟ್ಟು ಒತ್ತಿ ಹಿಡಿ, ತೊಡೆ ಬಿಗಿಯಾಗಬೇಕು. ಮಂಡಿ ಸಿಕ್ಕಿಕೊಂಡು ನೆಟ್ಟಗಾಗದಿದ್ದರೆ ಮಾತ್ರ ಒತ್ತಾಯ ಮಾಡಬೇಡ, ಬೇಗ ಡಾಕ್ಟರಿಗೆ ತೋರಿಸು. ಆಪರೇಷನ್ ಆದ ಮೂರನೇ ವಾರ ಫಿಸಿಯೋ ನನ್ನ ಎರಡೂ ತೊಡೆಗೆ ಟೇಪ್ ಸುತ್ತಿ ಅಳೆದರು. ಪೆಟ್ಟಾದ ಕಡೆ ಮೂರೂವರೆ ಸೆಂಟಿಮೀಟರ್ ಸೊರಗಿತ್ತು. ಅದನ್ನು ತುಂಬಿಸಿಕೊಳ್ಳೋಕೆ ಎಂಟು ತಿಂಗಳು ಹಿಡಿಯಿತು.

ಮನೆಯಲ್ಲಿ ಇಂಡಿಯನ್ ಟಾಯ್ಲೆಟ್ ಇದ್ದರೆ ಆಪರೇಷನ್‌ಗೆ ಮೊದಲೇ ಕಮೋಡ್ ಕುರ್ಚಿ ತಂದಿಡು. ನಮ್ಮಮ್ಮ ಅದನ್ನು ಯೋಚಿಸಿದ್ದರಿಂದ ನಾನು ಬಚಾವಾದೆ. ಆಪರೇಷನ್ ಆದಮೇಲೆ ಮೀನಖಂಡ ಊದಿ ನೋವು ಬಂದರೆ, ಜ್ವರ ಬಂದರೆ, ಕಾಯಬೇಡ. ಅದೇ ದಿನ ಆಸ್ಪತ್ರೆಗೆ ಹೋಗು.

ಮರಳಿ ಆಡುವುದು ಯಾವಾಗ? ಆಪರೇಷನ್ ಆದರೆ, ಅದಾಗಿ ಒಂಬತ್ತು ತಿಂಗಳಿಗೆ ಮುಂಚೆ ಬೇಡವೇ ಬೇಡ. ನಾರ್ವೆ ಮತ್ತು ಅಮೆರಿಕದವರು ಸೇರಿ ಮಾಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂಬತ್ತು ತಿಂಗಳವರೆಗೆ ತಡಮಾಡಿದ ಒಂದೊಂದು ತಿಂಗಳಿಗೂ ಮತ್ತೆ ಪೆಟ್ಟಾಗುವ ಪ್ರಮಾಣ ಸುಮಾರು ಅರ್ಧದಷ್ಟು ಇಳಿದಿತ್ತು. ತಿಂಗಳು ತುಂಬಿದರೂ ಸಾಲದು. ಒಂಟಿ ಕಾಲಲ್ಲಿ ಜಿಗಿದ ದೂರ ಮತ್ತು ತೊಡೆಯ ಬಲ, ಎರಡೂ ಇನ್ನೊಂದು ಕಾಲಿನ 90%ಗೆ ಬರಬೇಕು. ನನಗೆ ಹನ್ನೊಂದು ತಿಂಗಳು ಹಿಡಿಯಿತು. ರಿಷಭ್ ಪಂತ್‌ಗೆ 2022ರ ಡಿಸೆಂಬರ್ 30ಕ್ಕೆ ಅಪಘಾತ ಆಗಿ ಮಂಡಿ ಲಿಗಮೆಂಟ್ ಹರಿದಿತ್ತು, ಐಪಿಎಲ್‌ಗೆ ಬಂದಿದ್ದು 2024ರ ಮಾರ್ಚ್‌ನಲ್ಲಿ. ಅವರ ಸುತ್ತ ಎಷ್ಟು ಜನ ಇದ್ದರು ಅಂತ ನಿನಗೂ ಗೊತ್ತು. ನಿನಗೆ ತಡವಾದರೆ ಎದೆಗುಂದಬೇಡ.

ಡಾಕ್ಟರ್ ನೋಡಿ ಏನಂದರು ಅಂತ ಇಲ್ಲೇ ತಿಳಿಸು. ಮೊದಲ ಆರು ವಾರ ನಾನು ಮಾಡಿದ ವ್ಯಾಯಾಮದ ಪಟ್ಟಿ ನನ್ನ ಹತ್ತಿರ ಇನ್ನೂ ಇದೆ, ಕಳಿಸುತ್ತೇನೆ. ನಿನ್ನ ಫಿಸಿಯೋಗೆ ತೋರಿಸಿ, ಅವರು ಸರಿ ಅಂದಿದ್ದನ್ನು ಮಾತ್ರ ಮಾಡು.