ಬಟ್ಟಿಗೊಂದು ಗುಳಿಗಿ

"ಊಟಕ್ಕಿಂತ ಮೊದಲೋ, ಊಟ ಆದಮ್ಯಾಲೋ?" ಡಬ್ಬಿಯನ್ನು ಕಿವಿ ಹತ್ತಿರ ಅಲ್ಲಾಡಿಸಿ ಕೇಳಿದ ಎರ್ರಿಸ್ವಾಮಿ.

"ಲೇ, ಅದು ಔಷಧ ಅಲ್ಲ, ಬಟ್ಟಿ ಒಗಿಯೋ ಪಾಡ್," ಅಂದ ವೀರೇಶಿ. "ಒಂದು ತೊಗೊ, ಮಷೀನಿನಾಗ ಒಗಿ, ಬಟನ್ ಒತ್ತು. ಅಳತಿ ಇಲ್ಲ, ಚಮಚ ಇಲ್ಲ, ಚೆಲ್ಲೋದಂತೂ ಇಲ್ಲವೇ ಇಲ್ಲ."

"ನಮ್ಮ ಕಡಿ ಒಗಿಯೋದು ಅಂದ್ರ ತೊಳಿಯೋದೂ ಹೌದು, ಬಿಸಾಡೋದೂ ಹೌದು. ಒಂದಕ್ಕ ಎಷ್ಟು ಬಿತ್ತು?"

"ಇಪ್ಪತ್ತು ರೂಪಾಯಿ."

"ಹಂಗಾರ ಎರಡೂ ಒಂದ ಸಲಕ್ಕ ಆತು ಬಿಡು."

ಮಿರ್ಚಿ ಪೊಟ್ಟಣ ಕಟ್ಟೆ ನಡುವೆ ಬಿಚ್ಚಿತ್ತು. ಪಕ್ಕದಲ್ಲಿ ಉಗ್ಗಾಣಿ. ಸಂಜೆ ಆರಾದರೂ ಬಳ್ಳಾರಿ ಬಿಸಿಲು ಕಟ್ಟೆಯ ಕಲ್ಲಿನಿಂದ ಇಳಿದಿರಲಿಲ್ಲ. ಒಳಗೆ ಮಷೀನು ಗುಂಯ್ ಅನ್ನುತ್ತಿತ್ತು. ವೀರೇಶಿಯ ಮೊದಲ ಪಾಡ್ ಆಗಲೇ ಅದರ ಹೊಟ್ಟೆ ಸೇರಿತ್ತು.

ಗಾದಿಲಿಂಗಪ್ಪ ಡಬ್ಬಿ ಇಸಿದುಕೊಂಡು ಮುಚ್ಚಳದ ಜೊತೆ ಗುದ್ದಾಡಿದರು. ಒತ್ತಿದರು, ತಿರುವಿದರು, ಕೊನೆಗೆ ಹಲ್ಲು ಹಚ್ಚಲು ಹೋದರು. "ಇದೇನಪಾ, ಬ್ಯಾಂಕಿನ ಲಾಕರ್ ಆತಲ್ಲ."

"ಸಣ್ಣ ಹುಡುಗರಿಗೆ ತೆಗಿಯಾಕ ಬರಬಾರದು ಅಂತ ಹಂಗ ಮಾಡಿರ್ತಾರ ಗಾದಿಲಿಂಗಣ್ಣ," ಅಂದ ಎರ್ರಿಸ್ವಾಮಿ. "ಅಮೆರಿಕದಾಗ 2012ರಾಗ ಟೈಡ್‌ನವರು ಪಾಡ್ ಬಿಟ್ರು. ನೀಲಿ, ಕಿತ್ತಳಿ, ಬಿಳಿ, ಒಳ್ಳೆ ಮಿಠಾಯಿ ಇದ್ದಂಗ. ಹುಡುಗರು ಬಾಯಿಗೆ ಹಾಕ್ಕೊಳ್ಳಾಕ ಹತ್ತಿದ್ರು. ಯುರೋಪಿನಾಗ 2015ರಿಂದ ಕಾಯ್ದಿನ ಆತು. ಮ್ಯಾಲಿನ ಪದರ ಕಹಿ ಇರಬೇಕು, 20 ಡಿಗ್ರಿ ನೀರಾಗ ಬಿದ್ರೂ 30 ಸೆಕೆಂಡ್ ಒಡಿಬಾರದು, ಹಿಚುಕಿದ್ರ ಸಿಡಿಬಾರದು. ಪುಡಿ ಬಾಯಿಗೆ ಹೋದ್ರ ಹುಡುಗ ಥೂ ಅಂತ ಉಗುಳ್ತಾನ. ಇದು ಹಂಗಲ್ಲ, ಗಟ್ಟಿ ರಸ, ಪಚಕ್ಕನ ಗಂಟಲಿಗೇ ಹೋಗ್ತೈತಿ. ಹೋತು ಅಂದ್ರ ವಾಂತಿ ಮಾಡಿಸಾಕ ಹೋಗಬಾರದು, ಬಾಯಿ ತೊಳಸಿ ದವಾಖಾನಿಗೆ ಓಡಬೇಕು. ಕಣ್ಣಿಗೆ ಸಿಡಿದ್ರ 15 ನಿಮಿಷ ಬಿಡದಂಗ ನೀರು ಹರಿಸಿ, ಆಮ್ಯಾಲ ದವಾಖಾನಿ."

ಗಾದಿಲಿಂಗಪ್ಪ ಡಬ್ಬಿಯನ್ನು ಮಿರ್ಚಿಯಿಂದ ಒಂದು ಮೊಳ ದೂರ ಸರಿಸಿದರು.

"ಅದಿರಲಿ," ವೀರೇಶಿ ಮಾತು ತಿರುಗಿಸಿದ, "ಪ್ಲಾಸ್ಟಿಕ್ ಚೀಲದ ಸಮೇತ ನೀರಾಗ ಕರಗ್ತೈತಿ ಅಂದ್ರ ಸೋಜಿಗ ಅಲ್ಲೇನು?"

"ಪಾಲಿವಿನೈಲ್ ಆಲ್ಕೋಹಾಲ್ ಅಂತ ಅದರ ಹೆಸರು. ನೀರು ಕಂಡ್ರ ಕರಗ್ತೈತಿ. ಅದಕ್ಕ ಒಳಗಿನ ರಸದಾಗ ನೀರು ಭಾಳ ಕಮ್ಮಿ ಇಟ್ಟಿರ್ತಾರ. ಇಲ್ಲಾಂದ್ರ ಡಬ್ಬ್ಯಾಗ ಕುಂತಲ್ಲೇ ತನ್ನ ಚೀಲ ತಾನ ತಿಂತೈತಿ. ಹಸಿ ಕೈಲಿ ಮುಟ್ಟಿದಿ ಅಂದ್ರ ಎಲ್ಲಾ ಒಂದಕ್ಕೊಂದು ಅಂಟಿ ಬೆಲ್ಲದ ಅಚ್ಚು ಆಗ್ತಾವ. ಇನ್ನ ಚೀಲ ಮಾಯ ಆತು ಅಂತ ಕುಣಿಬ್ಯಾಡ. ಕರಗೋದು ಬ್ಯಾರೆ, ಕೊಳಿಯೋದು ಬ್ಯಾರೆ. ಸಕ್ಕರಿ ಚಾದಾಗ ಕಾಣಂಗಿಲ್ಲ ಅಂದ್ರ ಸಕ್ಕರಿ ಇಲ್ಲ ಅಂತೇನು? ಮೋರಿಗೆ ಹೋದ ಆ ಪದರ ಪೂರ್ತಿ ಕೊಳಿಬೇಕಂದ್ರ ಅದನ್ನ ತಿನ್ನೋ ಬ್ಯಾಕ್ಟೀರಿಯಾ ಇರೋ ಶುದ್ಧೀಕರಣ ಘಟಕ ಬೇಕು. ನಮ್ಮ ಓಣಿ ಮೋರಿ ಮುಂದ ನಿಂತು ಒಮ್ಮೆ ಕೇಳಿ ನೋಡು, ಘಟಕ ಎಲ್ಲೈತಿ ಅಂತ."

ಹುಸೇನ್‌ಸಾಬ್ ಅಷ್ಟು ಹೊತ್ತು ಸುಮ್ಮನೆ ಉಗ್ಗಾಣಿ ತಿನ್ನುತ್ತಿದ್ದ. ಜೀನ್ಸ್ ವಾಷಿಂಗ್ ಯೂನಿಟ್ಟಿನವನು. ಮನೆಯ ಮಷೀನೆಲ್ಲ ಅವನ ಕಣ್ಣಿಗೆ ಆಟಿಕೆ ಸಾಮಾನು. "ವೀರೇಶಿ, ಗುಳಿಗಿ ಎಲ್ಲಿ ಹಾಕಿದಿ?" ಅಂದ.

"ಬಟ್ಟಿ ತುಂಬಿದೆ, ಮ್ಯಾಲ ಒಗದೆ."

"ತಪ್ಪು," ಅಂದರು ಎರ್ರಿಸ್ವಾಮಿ, ಹುಸೇನ್‌ಸಾಬ್ ಇಬ್ಬರೂ ಒಟ್ಟಿಗೆ.

"ಊಟಕ್ಕಿಂತ ಮೊದಲೋ ಆಮ್ಯಾಲೋ ಅಂತ ನಾ ಸುಮ್ಮನ ಕೇಳಿದೆ ಅಂತ ಮಾಡಿಯೇನು?" ಎರ್ರಿಸ್ವಾಮಿ ಈಗ ಡಾಕ್ಟರಾಗಿಬಿಟ್ಟ. "ಈ ಗುಳಿಗಿ ಖಾಲಿ ಹೊಟ್ಟಿಗೇ. ಮೊದಲು ಖಾಲಿ ಡ್ರಮ್ಮಿನ ತಳಕ್ಕ ಪಾಡ್, ಅದರ ಮ್ಯಾಲ ಬಟ್ಟಿ. ಪುಡಿ ಹಾಕೋ ಡ್ರಾಯರಿನಾಗ ಇಡಬಾರದು, ಅಲ್ಲಿ ಬರೋ ನೀರಿಗೆ ಅರ್ಧ ಕರಗಿ ಅಂಟಿ ಕುಂದರ್ತೈತಿ. ಎಷ್ಟು ಬಟ್ಟಿ ತುರುಕಿದಿ?"

"ಎರಡು ಚಾದರ, ನಾಕು ಪ್ಯಾಂಟು, ಉಳಿದ ಅಂಗಿ ಎಲ್ಲಾ. ಬಾಗಲ ಹಾಕ್ಕೊಂತು."

"ಮೊಣಕಾಲ್ಲೆ ಒತ್ತಿದಿ ಅನ್ನು. ಡ್ರಮ್ಮಿನ ಮ್ಯಾಲ ಒಂದು ಅಂಗೈ ಅಗಲ ಜಾಗ ಖಾಲಿ ಇರಬೇಕು, ಬಟ್ಟಿ ಮ್ಯಾಲಿಂದ ದೊಪ್ಪಂತ ಬೀಳಬೇಕು. ಆ ಬೀಳೋದೇ ಒಗತ. ಎಷ್ಟು ನಿಮಿಷ ಇಟ್ಟಿ?"

"ಹದಿನೈದು. ಕ್ವಿಕ್."

ಎರ್ರಿಸ್ವಾಮಿ ಏನೂ ಅನ್ನದೆ ಇನ್ನೊಂದು ಮಿರ್ಚಿ ತೆಗೆದುಕೊಂಡ.

"ಯಾಕ, ಏನಾಗ್ತೈತಿ?"

"ಏನಿಲ್ಲ. ಕಾದು ನೋಡು. ಅಮೆರಿಕದಾಗ ಅರವತ್ತರ ದಶಕದಾಗ ಸಾಲ್ವೋ ಅಂತ ಒಂದು ಬಿಲ್ಲಿ ಬಂದಿತ್ತು, ಪುಡಿನ ಒತ್ತಿ ಮಾಡಿದ್ದು. ಸರಿಯಾಗಿ ಕರಗಲಿಲ್ಲ, ಮೂಲಿಗೆ ಬಿತ್ತು. ಹೊಸಾದು ಅಂತ ನೀ ಕುಣಿಯೋ ಗುಳಿಗಿ ನಮ್ಮ ಗಾದಿಲಿಂಗಣ್ಣನ ವಯಸ್ಸಿಂದು."

"ನನ್ನ ಯಾಕ ಎಳಿತೀಯೋ ಮಧ್ಯಾ," ಅಂದರು ಗಾದಿಲಿಂಗಪ್ಪ. "ನಾ ಇನ್ನೂ ಕರಗಿಲ್ಲ."

ಎರ್ರಿಸ್ವಾಮಿಯ ಸಿಟ್ಟು ಗುಳಿಗೆಯ ಮೇಲಲ್ಲ, ಗುಳಿಗೆಯ ಅಳತೆಯ ಮೇಲೆ. "ಯಾವ ಡಾಕ್ಟರೂ ರೋಗಿ ಮುಖ ನೋಡದ ಗುಳಿಗಿ ಬರಿಯಂಗಿಲ್ಲ. ಈ ಪಾಡ್ ನೋಡು, ಕಂಪನ್ಯಾಗ ಕುಂತು ಅಳತಿ ಕಟ್ಯಾರ, ಒಂದು ಲೋಡಿಗೆ ಒಂದು. ಮೂರು ಅಂಗಿ ಇದ್ರೂ ಒಂದು, ಆರು ಕಿಲೋ ಇದ್ರೂ ಒಂದು. ಅರ್ಧಾ ಕತ್ತರಿಸೋಣ ಅಂದ್ರ ರಸ ಎಲ್ಲಾ ಕೈಗೆ. ಹೆಚ್ಚಾದ್ರ ಏನಾಗ್ತೈತಿ? ಜಾಲಿಸಿದ್ರೂ ಪೂರ್ತಿ ಹೋಗಂಗಿಲ್ಲ, ಬಟ್ಟಿ ಬಿರುಸಾಗ್ತೈತಿ, ಮೈ ಕಡಿತೈತಿ, ಬಾಗಲ ರಬ್ಬರಿನಾಗ ಲೋಳಿ ಕುಂತು ಮಷೀನು ನಾರ್ತೈತಿ. ಕಡಿಮಿ ಆದ್ರ ಬಿಟ್ಟ ಹೊಲಸು ತಿರುಗಿ ಬಟ್ಟಿಗೇ ಕುಂದರ್ತೈತಿ, ಬಿಳಿ ಬನೀನು ಬೂದಿ ಬನೀನು ಆಗ್ತೈತಿ."

"ಪುಡಿ ಆದ್ರೇನು ನೀ ತಕ್ಕಡ್ಯಾಗ ತೂಗಿ ಹಾಕ್ತೀಯೇನು?"

"ಒಂದ ಒಂದು ಸಲ ತೂಗು ಸಾಕು. ಮನಿ ಚಮಚಕ್ಕ ಎಷ್ಟು ಗ್ರಾಂ ಹಿಡಿತೈತಿ ಅಂತ ಅಡಿಗಿ ತಕ್ಕಡ್ಯಾಗ ನೋಡ್ಕೊ. ಪೊಟ್ಟಣದ ಹಿಂದ ಬರದಿರ್ತಾರ, ಇಷ್ಟು ಬಟ್ಟಿಗೆ ಇಷ್ಟು ಅಂತ. 60 ಗ್ರಾಂ ಬೇಕು ಅಂತಿಟ್ಕೊ, ಒಂದು ಕಿಲೋ ಪುಡಿ ಹದಿನಾರು ಸಲಕ್ಕ ಬರ್ತೈತಿ. ಕಿಲೋ ರೇಟು ಹದಿನಾರಕ್ಕ ಭಾಗಿಸು, ನಿನ್ನ ಇಪ್ಪತ್ತು ರೂಪಾಯಿ ಪಕ್ಕದಾಗ ಇಟ್ಟು ನೋಡು. ಲಿಕ್ವಿಡ್ ತರೋರದು ಇನ್ನೊಂದು ರೋಗ, ಮುಚ್ಚಳ ತುಂಬ ಸುರಿತಾರ. ಗೆರಿ ಒಳಗ ಕೆಳಗಿರ್ತೈತಿ, ಕನ್ನಡಕ ಹಾಕ್ಕೊಂಡು ನೋಡಬೇಕು."

"ಮನ್ಯಾಗ ಬಕೀಟಿನ ಪುಡಿ ಐತಲ್ಲ, ಅದನ್ನ ಹಾಕಿದ್ರಾತು. ಅಗ್ಗ," ಅಂದರು ಗಾದಿಲಿಂಗಪ್ಪ.

"ಅಯ್ಯೋ ಬ್ಯಾಡ! ಮುಂದ ಬಾಗಲ ಇರೋ ಮಷೀನಿಗೆ ಕೈಲೆ ಒಗಿಯೋ ಪುಡಿ ಹಾಕಿದಿರಿ ಅಂದ್ರ ನೊರಿ ತಡಿಯಾಕ ಆಗಂಗಿಲ್ಲ. 2024ರ ಆಗಸ್ಟಿನಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ಕೊಂಡು ಹೋತಲ್ಲ, ಹಂಗ ಡ್ರಾಯರಿನಿಂದ ನೊರಿ ಬರ್ತೈತಿ. ಇಲ್ಲಿ ಸ್ಟಾಪ್‌ಲಾಗ್ ಅಂತ ನೀರು ತಡಿಯೋ ಅಡ್ಡಹಲಗಿ ಇಳಿಸೋರು ಯಾರೂ ಬರಂಗಿಲ್ಲ, ನೀವ ಒರಸಬೇಕು. ನೊರಿ ಅಂದ್ರ ಹಾಸಿಗಿ ಇದ್ದಂಗ, ಬಟ್ಟಿ ಅದರ ಮ್ಯಾಲ ಬಿದ್ರ ಪೆಟ್ಟ ಬೀಳಂಗಿಲ್ಲ. ನಮ್ಮ ಮಂದಿಗೆ ನೊರಿ ಕಂಡ್ರನ ಸಮಾಧಾನ, ಕೊಳಿ ಹೋತೋ ಬಿಡ್ತೋ."

ನೊರೆಯಿಂದ ಮಾತು ನೀರಿಗೆ ಹರಿಯಿತು. ಈ ಜಿಲ್ಲೆಯಲ್ಲಿ ಯಾವ ಮಾತು ತಾನೆ ನೀರಿಗೆ ಹರಿಯುವುದಿಲ್ಲ?

"ನಲ್ಲಿ ಬಂದ ದಿನ ಅಲ್ಲೀಪುರ ಕೆರಿ ನೀರು, ಬರದ ದಿನ ಬೋರಿನ ನೀರು," ಅಂದ ಎರ್ರಿಸ್ವಾಮಿ. "ಎರಡಕ್ಕೂ ಒಂದ ಗುಳಿಗಿ ಹೆಂಗ ನಾಟ್ತೈತಿ? ಬೋರಿನಾಗ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರ್ತಾವ. ಅವು ಸೋಪಿನ ಕೈ ಹಿಡಕೊಂಡು ಬಿಡಂಗಿಲ್ಲ, ಕೊಳಿ ಕಡಿ ಹೋಗಾಕ ಸೋಪಿಗೆ ಪುರುಸೊತ್ತ ಇರಂಗಿಲ್ಲ. ಕುಡಿಯೋ ನೀರಿಗೆ ಸರಕಾರಿ ಲೆಕ್ಕ ಲೀಟರಿಗೆ 200 ಮಿಲಿಗ್ರಾಂ ಗಡಸುತನ, ಬ್ಯಾರೆ ನೀರೇ ಇಲ್ಲಾಂದ್ರ 600ರ ತನಕ ನಡಿತೈತಿ. ಮನ್ಯಾಗ ನೋಡಬೇಕಂದ್ರ ಬಾಟ್ಲ್ಯಾಗ ಅರ್ಧ ನೀರು ಹಾಕಿ, ಮೈಸೋಪಿನ ಚೂರು ಕರಗಿಸಿ ಕುಲುಕು. ನೊರಿ ನಿಂತ್ರ ಮೆದು ನೀರು. ಮಜ್ಜಿಗಿ ಹಂಗ ಒಡದು ಬೆಳ್ಳಗ ತೇಲಿದ್ರ ಗಡಸು. ಪುಡಿಯಾಗ ಸೋಡಾ ಇರ್ತೈತಿ, ಆ ಕ್ಯಾಲ್ಸಿಯಂನ ಅದು ಕಟ್ಟಿಹಾಕ್ತೈತಿ. ಬೋರಿನ ದಿನ ಅರ್ಧ ಚಮಚ ಹೆಚ್ಚು, ಕೆರಿ ನೀರಿನ ದಿನ ಕಮ್ಮಿ. ಗುಳಿಗಿಗೆ ಹೆಂಗ ಗೊತ್ತಾಗ್ತೈತಿ ಇವತ್ತು ನಲ್ಲಿ ಬಂತೋ ಇಲ್ಲೋ ಅಂತ? ನಮಗ ಗೊತ್ತಾಗಂಗಿಲ್ಲ!"

"ಸಂಡೂರು ಧೂಳಿಗೆ ಏನಂತೀಯಪಾ?" ಗಾದಿಲಿಂಗಪ್ಪ ಕೇಳಿದರು.

"ಅದು ಅದುರು ಧೂಳು, ಕಬ್ಬಿಣ. ಅದಕ್ಕ ಮೊದಲ ಔಷಧ ನೀರಲ್ಲ, ಜಾಡಿಸೋದು. ಒಣಗಿದ್ದಾಗ ಪಟಪಟ ಜಾಡಿಸಬೇಕು. ಹಸಿ ಮಾಡಿ ತಿಕ್ಕಿದ್ರ ನೂಲಿನೊಳಗ ಗಿಡದಂಗ ಬೇರು ಬಿಡ್ತೈತಿ. ಮಣ್ಣು ಧೂಳಿಗೆ ಪುಡಿ ಚಲೋ, ಎಣ್ಣಿ ಜಿಡ್ಡಿಗೆ ಲಿಕ್ವಿಡ್ ಚಲೋ." ವೀರೇಶಿಯ ಅಂಗಿಯ ಮೇಲೆ ಮಿರ್ಚಿ ಎಣ್ಣೆ ಇಳಿದಿದ್ದನ್ನು ಬೆರಳು ಮಾಡಿ ತೋರಿಸಿದ. "ಅಲ್ಲಿ ನಾಕು ಹನಿ ಲಿಕ್ವಿಡ್ ನೇರ ಹಚ್ಚಿ ಹತ್ತು ನಿಮಿಷ ಬಿಡು. ಗುಳಿಗಿಲಿಂದ ನಾಕು ಹನಿ ತೆಗಿ ನೋಡೋಣ. ಇನ್ನ ತುಕ್ಕಿನ ಕಲಿಗೆ ಬ್ಲೀಚ್ ಮಾತ್ರ ಹಾಕಬ್ಯಾಡ್ರಿ, ಕಲಿ ಮತ್ತಷ್ಟು ಗಟ್ಟಿ ಆಗ್ತೈತಿ. ನಿಂಬಿಹುಳಿ ಹಿಂಡಿ ಬಿಸಿಲಿಗಿಟ್ಟು ತೊಳಿರಿ. ಬಿಸಿಲಿಗೇನು ಬರ ನಮಗ."

"ನಮ್ಮ ಯೂನಿಟ್ಟಿನಾಗ ಕಲ್ಲು ಹಾಕಿ, ಎಂಜೈಮ್ ಹಾಕಿ ಜೀನ್ಸಿನ ಬಣ್ಣ ತೆಗಿತೀವಿ," ಹುಸೇನ್‌ಸಾಬ್ ನಕ್ಕ. "ಬಣ್ಣ ಹೋಗಿದ್ದಕ್ಕೇ ನೀವು ರೊಕ್ಕ ಕೊಟ್ಟು ತರ್ತೀರಿ. ಮನಿಗೆ ಹೋಗಿ ಬಣ್ಣ ಹೋತು ಅಂತ ಅಳ್ತೀರಿ. ನೀಲಿ ನೂಲಿನ ಮ್ಯಾಲಷ್ಟ ಕುಂತಿರ್ತೈತಿ, ಒಳಗ ಬಿಳಿ. ತಿಕ್ಕಿದಷ್ಟೂ ಹೋಗ್ತೈತಿ. ಉಪ್ಪು ಹಾಕಿದ್ರೂ ನಿಲ್ಲಂಗಿಲ್ಲ. ತಿರುವಿ ಹಾಕಿ, ಜಿಪ್ಪು ಎಳದು, ತಣ್ಣೀರು, ಸ್ವಲ್ಪ ಲಿಕ್ವಿಡ್, ನೆರಳಿಗೆ ಒಣ ಹಾಕಿ. ಅಷ್ಟ."

ಚಹಾ ತಂದ ಸುಮಕ್ಕ ಬಾಗಿಲಲ್ಲೇ ನಿಂತು ಕೇಳಿಸಿಕೊಂಡಳು. "ಎರ್ರಿಯಣ್ಣ, ರೇಷ್ಮಿ ಸೀರಿಗೆ ಇದು ನಡಿತೈತೇನು?"

"ಬ್ಯಾಡಮ್ಮ. ಇದರಾಗ ಪ್ರೋಟೀನು ತಿನ್ನೋ ಎಂಜೈಮ್ ಇರ್ತೈತಿ. ತತ್ತಿ, ರಕ್ತ, ಬೆವರಿನ ಕಲಿ ತಿಂತೈತಿ, ಚಲೋನ. ಆದ್ರ ರೇಷ್ಮಿನೂ ಪ್ರೋಟೀನ, ಉಣ್ಣಿನೂ ಪ್ರೋಟೀನ. ಅದಕ್ಕ ಕಲಿ ಯಾವುದು, ಸೀರಿ ಯಾವುದು ಗೊತ್ತಾಗಂಗಿಲ್ಲ."

"ಬರೇ ಬೈತೀಯಲ್ಲ," ವೀರೇಶಿಗೆ ರೋಸಿತು. "ಯಾರಿಗೂ ಬ್ಯಾಡೇನು ಹಂಗಾರ?"

ಎರ್ರಿಸ್ವಾಮಿ ಚಹಾ ಊದಿದ. "ಹಂಗೇನಿಲ್ಲ. ಕೈ ನಡುಗೋ ಮುದುಕರಿಗೆ ಚಲೋ, ಡಬ್ಬಿ ಎತ್ತಿ ಸುರಿಯೋ ಕಷ್ಟ ಇಲ್ಲ. ಹಾಸ್ಟೆಲ್ ಹುಡುಗರಿಗೆ ಚಲೋ, ಅವರು ವಾರಕ್ಕೊಮ್ಮೆ ಪೂರ್ತಿ ಲೋಡು ಮಾಡಿ ಹಾಕ್ತಾರ, ಅಳತಿ ಕೂಡ್ತೈತಿ. ಪುಡಿ ಮುಷ್ಟಿಗಟ್ಟಲೆ ಸುರಿಯೋ ಮಂದಿಗೂ ಚಲೋ, ಕಡಿವಾಣ ಇದ್ದಂಗ. ಆದ್ರ ಕಣ್ಣಳತಿ, ಕೈಯಳತಿ ಇದ್ದ ಮನ್ಯಾಗ ಇದು ಯಾಕ? ಸುಮಕ್ಕಗ ಸಾರಿಗೆ ಉಪ್ಪಿನ ಗುಳಿಗಿ ತಂದು ಕೊಡು ನೋಡೋಣ."

"ತರಲಿ," ಅಂದಳು ಸುಮಕ್ಕ, "ಅವರ ತಲಿ ಮ್ಯಾಲ ಒಗಿತೀನಿ."

"ಕೈಯಳತಿ ಅಂದ್ರ ಮಡಿವಾಳರದ," ಗಾದಿಲಿಂಗಪ್ಪ ಗೋಡೆಗೆ ಒರಗಿದರು. "ಚೌಳು ಮಣ್ಣು ಮುಷ್ಟಿಲೆ ಹಾಕ್ತಿದ್ರು. ಯಾವ ಮನಿ ಬಟ್ಟಿಗೆ ಎಷ್ಟು ಅಂತ ಮುಷ್ಟಿಗೇ ಗೊತ್ತಿತ್ತು. ಭಟ್ಟಿ ಏರಿಸಿ ಉಗಿ ಹಾಯಿಸಿ, ಬೆಳಕು ಹರಿಯೋದ್ರೊಳಗ ಕಲ್ಲಿಗೆ ಬಡಿತಿದ್ರು. ಆಮ್ಯಾಲ ನೀಲಿ. ಅದೂ ಅಳತೀನ, ಒಂದು ಹನಿ ಹೆಚ್ಚಾದ್ರ ಧೋತರ ನೀಲಕಂಠ."

"ಆ ಚೌಳಿನಾಗ ಇದ್ದದ್ದೂ ಸೋಡಾನ ಗಾದಿಲಿಂಗಣ್ಣ. ಈಗಿನ ಪುಡ್ಯಾಗ ಇರೋದ."

"ಇರಬೌದು. ಪುಡಿಗೆ ನಮ್ಮ ಮನಿ ಗುರುತು ಗೊತ್ತಿಲ್ಲಲ್ಲಪಾ. ಕೇರುಬೀಜದ ರಸ ಸೂಜ್ಯಾಗ ತೊಗೊಂಡು ಬಟ್ಟಿ ಅಂಚಿಗೆ ಚುಕ್ಕಿ ಇಡ್ತಿದ್ರು, ಮ್ಯಾಲ ಸುಣ್ಣ ಒತ್ತಿದ್ರ ಕಪ್ಪು ಕಚ್ಚಿಕೊಳ್ತಿತ್ತು. ಒಂದು ಮನಿಗೆ ಎರಡು ಚುಕ್ಕಿ, ಇನ್ನೊಂದಕ್ಕ ಚುಕ್ಕಿ, ಗೆರಿ. ಓದು ಬರಹ ಇಲ್ಲದೋರು ನೂರು ಮನಿ ಬಟ್ಟಿ ಒಂದು ಅದಲುಬದಲಾಗದಂಗ ತಂದು ಕೊಡ್ತಿದ್ರು. ಬಂದಾಗ ಕಟ್ಟಿ ಕೆಳಗ ನಿಲ್ಲಿಸ್ತಿದ್ವಿ ಅನ್ನು. ನಮ್ಮ ಬೆವರು ತೊಳಿಯಾಕ ಅವರ ಬೇಕು, ಕಟ್ಟಿ ಮ್ಯಾಲ ಕುಂದ್ರಾಕ ಮಾತ್ರ ಬ್ಯಾಡ."

ಯಾರೂ ಮಾತಾಡಲಿಲ್ಲ. ಎರ್ರಿಸ್ವಾಮಿ ಸಹ.

ಒಳಗೆ ಮಷೀನು ಕುಂಯ್ ಕುಂಯ್ ಅಂತ ಕೂಗಿತು. ವೀರೇಶಿ ಎದ್ದು ಓಡಿದ. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಹಳೇ ಬಿಳಿ ಚಾದರ, ಮುಖದಲ್ಲಿ ಮಾತಿಲ್ಲ. ಚಾದರದ ಮಡಿಕೆಯೊಳಗೆ ಅಂಗೈಯಷ್ಟು ಜಾಗದಲ್ಲಿ ನೀಲಿ ಲೋಳೆ ಗೊಣ್ಣೆಯ ಹಾಗೆ ಅಂಟಿಕೊಂಡಿತ್ತು. ಅರ್ಧ ಚೀಲ ಇನ್ನೂ ಚೀಲವಾಗಿಯೇ ಇತ್ತು.

"ಗುಳಿಗಿ ಗಂಟಲಾಗ ಸಿಕ್ಕೊಂಡೈತಿ," ಅಂದ ಎರ್ರಿಸ್ವಾಮಿ. "ಬಿಸಿಲಿಗೆ ಹಾಕಬ್ಯಾಡ, ಇಸ್ತ್ರಿ ಅಂತೂ ಮುಟ್ಟಿಸಲೇಬ್ಯಾಡ, ಒಣಗಿತು ಅಂದ್ರ ಗೋಂದು. ಉಗುರು ಬೆಚ್ಚನ ನೀರಾಗ ಅರ್ಧ ತಾಸು ನೆನಸಿ ಬೆರಳಿಲೆ ತಿಕ್ಕು."

ಗಾದಿಲಿಂಗಪ್ಪ ಚಾದರದ ಮೂಲೆ ಎಳೆದು ಕಣ್ಣ ಹತ್ತಿರ ತಂದುಕೊಂಡರು. ಲೋಳೆಯಿಂದ ಒಂದು ಗೇಣು ಆಚೆ, ಅಂಚಿನಲ್ಲಿ, ಎರಡು ಚುಕ್ಕಿ, ಒಂದು ಗೆರೆ. ಕಡುಕಪ್ಪು. ಹೆಬ್ಬೆರಳಿನಿಂದ ತಿಕ್ಕಿ ನೋಡಿದರು.

"ಇದು ನಿಮ್ಮಪ್ಪಂದು," ಅಂದರು ವೀರೇಶಿಗೆ.

ಸುಮಕ್ಕ ಬಕೆಟ್ಟು ತಂದು ಕಟ್ಟೆ ಮೇಲಿಟ್ಟಳು. ನೀರು ಕಾಯಿಸುವುದೇನೂ ಬೇಕಾಗಲಿಲ್ಲ. ಮ್ಯಾಲಿನ ಟ್ಯಾಂಕಿನದೇ ಬೆಚ್ಚಗಿತ್ತು.