ಕಾಂತಾರ ಚಾಪ್ಟರ್ 1: 1847ರ ರಾಜನಿಗೆ ಹಳೇ ಕಥೆ ಗೊತ್ತೇ ಇರ್ಲಿಲ್ವಾ? ಸ್ಪಾಯ್ಲರ್ ಉಂಟು

ಡೊಂಬಿವಿಲಿ ಬಂಗುಡೆ:
ನಿನ್ನೆ ಎರಡನೇ ಸಲ ನೋಡಿದೆ, ಮೊದಲ ಸಲ ಹಿಂದಿ ಡಬ್ಬಿಂಗೇ ಗತಿ ಆಗಿತ್ತು, ಈ ಸಲ ಮುಲುಂಡ್‌ನಲ್ಲಿ ಕನ್ನಡ ಶೋ ಸಿಕ್ಕಿತು. ಒಂದು ವಿಷಯ ತಲೆ ಕೊರೀತಾ ಉಂಟು. 2022ರ ಮೊದಲ ಕಾಂತಾರ ಸಿನಿಮಾದಲ್ಲಿ 1847ರ ರಾಜ ನೆಮ್ಮದಿ ಹುಡುಕಿಕೊಂಡು ಕಾಡಿಗೆ ಬರ್ತಾನೆ, ಹಂದಿ ರೂಪದ ದೈವ ಪಂಜುರ್ಲಿಯ ಕಲ್ಲು ಕಾಣ್ತಾನೆ, ಕಾಡಿನವರಿಗೆ ಜಾಗ ಬಿಟ್ಟುಕೊಟ್ಟು ದೈವವನ್ನ ಕರ್ಕೊಂಡು ಹೋಗ್ತಾನೆ. ಅವನು ಪೂರ್ತಿ ಹೊಸಬನ ಹಾಗೆ ಬರ್ತಾನಲ್ವಾ. ಆದ್ರೆ ಅದರ ಹಿಂದಿನ ಕಥೆ ಹೇಳುವ ಈ ಪ್ರೀಕ್ವೆಲ್‌ನಲ್ಲಿ ಕದಂಬರ ಕಾಲದಲ್ಲೇ ಬಾಂಗ್ರದ ಅರಮನೆಯವರಿಗೆ ಕಾಂತಾರ ಕಾಡಿನ ಮೇಲೆ ಕಣ್ಣು, ಅಲ್ಲಿಯ ರಾಜ ಕುಲಶೇಖರ ನುಗ್ಗಿ ಬಂದು ಗುಳಿಗ ದೈವದ ಕೈಯಲ್ಲಿ ಸಾಯ್ತಾನೆ. ಅಷ್ಟು ದೊಡ್ಡ ಸಂಗತಿ ಅರಮನೆಗಳಿಗೆ ಮರ್ತೇ ಹೋಯ್ತಾ? ಇಲ್ಲಿ ಕೊಂಡಿ ಕಳಚಿದೆ ಅಂತ ನನಗನ್ನಿಸ್ತದೆ.

ಕೋಥ್ರೂಡ್ ಧಾರವಾಡದಾಂವ:
ನೋಡ್ರಿ, ಬನವಾಸಿ ಕದಂಬರು ಅಂದ್ರ ಮಯೂರಶರ್ಮನ 4ನೇ ಶತಮಾನದಿಂದ 6ನೇ ಶತಮಾನದ ತನಕ. ತುಳುನಾಡಿನ ಬಂಗ ಅರಸರ ಹೆಸರು ಬರೂದು 12ನೇ ಶತಮಾನಕ್ಕ. ಅಂದ ಮ್ಯಾಲೆ ಬಾಂಗ್ರ ಅನ್ನೂದು ಇತಿಹಾಸದ ಬಂಗರಲ್ಲ, ಹೆಸರಿನ ನೆರಳಷ್ಟ ತಗೊಂಡಾರ. ಕದಂಬರಿಂದ 1847ಕ್ಕ 1300 ವರ್ಷ ಆತು, ಅಷ್ಟರಾಗ ಎಷ್ಟು ಮನೆತನ ಬಂದು ಹೋದ್ವೋ, ಮರೀಲಿಕ್ಕೆ ಅಷ್ಟು ಸಾಕಲ್ಲೇನ್ರಿ.

ವಾಸ್ಕೋ ಕಿಟ್ಟಿ:
ಕದಂಬರು ಅಂದ್ರೆ ಬನವಾಸಿಯವರೇ ಯಾಕ್ರಿ? ಗೋವಾ ಕದಂಬರೂ ಇದ್ರು, ಚಂದ್ರಾಪುರ ಅಂದ್ರೆ ಈಗಿನ ಚಾಂದೋರ್, ಆಮೇಲೆ ಗೋಪಕಪಟ್ಟಣ. ಹಡಗು, ಬಂದರು, ವ್ಯಾಪಾರ ಎಲ್ಲ ಅವರದೇ. ಗೋವಾದ ತಾಂಬ್ಡಿ ಸುರ್ಲಾಕ್ಕೆ ಹೋಗಿ ನೋಡಿ, 12ನೇ ಶತಮಾನದ ಕರಿಕಲ್ಲಿನ ಗುಡಿ, ಸುತ್ತ ಕಾಡು, ಪಕ್ಕದಲ್ಲೇ ಹೊಳೆ, ನಾನು ಮಳೆಗಾಲದಲ್ಲಿ ಹೋದಾಗ ಮೈ ಜುಮ್ ಅಂತು. ಆ ಕಾಲ ಇಟ್ಕೊಂಡ್ರೆ ಬಂಗರೂ ಹೊಂದ್ತಾರೆ, ಸಿನಿಮಾದ ಬಂದರು, ಕಾಳುಮೆಣಸೂ ಹೊಂದ್ತದೆ. ನನ್ನ ಥಿಯರಿ ಇದೇ.

ಡೊಂಬಿವಿಲಿ ಬಂಗುಡೆ:
ಥಿಯರಿ ಚೆಂದ ಉಂಟು, ಆದ್ರೆ ವರ್ಷ ಎಷ್ಟೂಂತ ಅಲ್ಲ ನನ್ನ ಪ್ರಶ್ನೆ. ಕಾಡಿನವರಿಗೆ ನೆನಪಿದ್ದದ್ದು ಅರಮನೆಗೆ ಯಾಕೆ ಇಲ್ಲ?

ಘಾಟ್ಕೋಪರ್ ಅಣ್ಣು:
ಉತ್ತರ ನಿಮ್ಮ ಪ್ರಶ್ನೆಯಲ್ಲೇ ಉಂಟು ಮಾರಾಯ್ರೆ. ನಿಜವಾದ ಬಂಗರನ್ನೇ ತಕ್ಕೊಳ್ಳಿ, 1837ರ ಕಲ್ಯಾಣಪ್ಪನ ಕಾಟಕಾಯಿ ಅನ್ನುವ ಬ್ರಿಟಿಷರ ವಿರುದ್ಧದ ದಂಗೆಗೆ ಸೇರಿದ್ರೂಂತ ಬಂಗರಸನನ್ನ ಈಸ್ಟ್ ಇಂಡಿಯಾ ಕಂಪನಿಯವರು ಗಲ್ಲಿಗೆ ಹಾಕಿದ್ರು, 1847ಕ್ಕೆ ಬರೀ ಹತ್ತು ವರ್ಷ ಮೊದಲು. ಅರಮನೆ ಅಂದ್ರೆ ಹಾಗೆ, ಮನೆತನ ಹೋದ್ರೆ ನೆನಪೂ ಹೋಯ್ತು. ದೈವದ ಕಥೆ ಅರಮನೆಯ ಕಡತದಲ್ಲಿ ಇರೂದಲ್ಲ, ಪಾಡ್ದನದಲ್ಲಿ ಇರೂದು, ಅಂದ್ರೆ ತುಳುವಿನ ಕಥೆ ಹಾಡಿನಲ್ಲಿ, ಅದನ್ನ ಹಾಡೂದು ಗದ್ದೆಯಲ್ಲಿ ನೇಜಿ ನೆಡುವ ಹೆಂಗಸರು, ಕೋಲ ಅಂದ್ರೆ ದೈವದ ನರ್ತನ ಸೇವೆ ಕಟ್ಟುವವರು. ನಮ್ಮಜ್ಜಿ ಇಲ್ಲಿ ಚಾಳಿನ ಒಂದೇ ರೂಮಿನಲ್ಲಿ ತಡ್ಪೆಯಲ್ಲಿ, ಅಂದ್ರೆ ಮೊರದಲ್ಲಿ, ಅಕ್ಕಿ ಆರಿಸ್ತಾ ಪಂಜುರ್ಲಿ ಪಾಡ್ದನ ಹೇಳ್ತಿದ್ರು, ತಡ್ಪೆಯ ಅಂಚಿಗೆ ಬೆರಳಲ್ಲಿ ತಾಳ. ಈಶ್ವರನ ಹೂದೋಟಕ್ಕೆ ನುಗ್ಗಿ ಹಾಳು ಮಾಡಿದ ಹಂದಿಮರಿಯನ್ನ ಭೂಮಿಗೆ ಕಳಿಸಿದ ಕಥೆ. ಸಿನಿಮಾದಲ್ಲಿ ಈಶ್ವರನ ಹೂದೋಟ ಅಂತ ಕೇಳಿದ ಕೂಡ್ಲೇ ಕಣ್ಣು ತುಂಬಿ ಬಂತು ನನಗೆ. ಮತ್ತೆ ಮೊದಲ ಸಿನಿಮಾದ 1970ರ ಸೀನ್ ನೆನಪು ಮಾಡ್ಕೊಳ್ಳಿ, ಜಾಗ ವಾಪಸ್ ಕೇಳ್ಲಿಕ್ಕೆ ಬಂದ ಆ ರಾಜನ ವಂಶದವನು, ಮಾತಾಡ್ತಿರೂದು ದೈವವಾ ನರ್ತಕನಾ ಅಂತಾನಲ್ಲ. ಕೊಟ್ಟ ಮಾತನ್ನ ಒಂದು ನೂರಿಪ್ಪತ್ಮೂರು ವರ್ಷ ಉಳಿಸಿಕೊಳ್ಳಲಿಕ್ಕೇ ಆ ಮನೆತನಕ್ಕೆ ಆಗ್ಲಿಲ್ಲ, ಇನ್ನು ಕದಂಬರ ಕಾಲದ್ದು ಎಲ್ಲಿಂದ.

ಡೊಂಬಿವಿಲಿ ಬಂಗುಡೆ:
1970ರ ಸೀನ್ ಹೀಗೆ ಜೋಡಿಸಿ ನೋಡಿರ್ಲೇ ಇಲ್ಲ ನಾನು, ಒಪ್ಪಿದೆ ಅಣ್ಣಾ, ಕೊಂಡಿ ಕಳಚಿಲ್ಲ. ಅಜ್ಜಿಯ ಪಾಡ್ದನ ರೆಕಾರ್ಡ್ ಉಂಟಾ?

ಘಾಟ್ಕೋಪರ್ ಅಣ್ಣು:
ಹಳೇ ಮೊಬೈಲಲ್ಲಿ ನಾಲ್ಕು ನಿಮಿಷದ್ದು ಉಂಟು, ಮಧ್ಯೆ ಕುಕ್ಕರ್ ಸೀಟಿ ಬರ್ತದೆ, ಹಂದಿಮರಿ ತೋಟದ ಬೇಲಿ ದಾಟುವಲ್ಲಿಗೆ ನಿಲ್ತದೆ. ಉಳಿದದ್ದು ಊರಲ್ಲಿ ಚಿಕ್ಕಮ್ಮನಿಗೆ ಬರ್ತದೆ, ಈ ಸಲ ಕೋಲಕ್ಕೆ ಹೋದಾಗ ಕೂತು ಪೂರ್ತಿ ರೆಕಾರ್ಡ್ ಮಾಡ್ತೇನೆ.